ತಾಳೆಯಾಗದ ಗಾಲಿಯ ಲೆಕ್ಕ

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಗ್ಗೆ ನವಲಗುಂದದ ನಮ್ಮ ಮನೆಯ ಮುಂದೆ ಓಣಿಯ ಮಕ್ಕಳೆಲ್ಲ ನೆರೆದಿದ್ದರು. ಅವರು ನೋಡಲು ಬಂದದ್ದು ನನ್ನ ತಂಗಿಯ ಮಗನ ಕೆಂಪು ಸ್ಪೋರ್ಟ್ಸ್ ಕಾರನ್ನು. ಹೆಂಡತಿ ಮತ್ತು ಏಳು ವರ್ಷದ ಮಗಳನ್ನು ಕರೆದುಕೊಂಡು ಅವನು ಪುಣೆಯಿಂದ ಹಬ್ಬಕ್ಕೆ ಬಂದಿದ್ದ. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂತಿರುವ ಮೈ, ಹಿಂದಿನ ಸೀಟು ಹೆಸರಿಗೆ ಮಾತ್ರ. ಎತ್ತಿನ ಗಾಡಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಹಿರಿಯರು ನಿಂತು ನೋಡಿ, "ಇದರಾಗ ಕೂಡೂದೋ, ಮಲಗೂದೋ?" ಎಂದು ಕೇಳಿ ಮುಂದೆ ಹೋದರು.

ಹುಡುಗರಿಗೆ ಒಂದು ಸುತ್ತು ಹೊಡೆಸೋಣವೆಂದು ಅಳಿಯ ಕಾರು ಚಾಲೂ ಮಾಡಿದ. ಹತ್ತು ಮಾರು ಹೋಗುವಷ್ಟರಲ್ಲಿ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿತು. ಕುದುರೆಯ ಲಾಳದಂಥ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಹವಾ ಕಡಿಮೆಯಾಗಿದೆ ಎಂದು ಹೇಳುವ ದೀಪ ಅದು.

"ಥಂಡಿಗೆ ಹಂಗ ಬರತೈತಿ ಮಾಮಾ. ಬಿಸಲೇರಿದ ಮ್ಯಾಲೆ ತಾನ ಆರತೈತಿ," ಎಂದ ಅಳಿಯ. ಫೋನಿನಲ್ಲಿ ಅವನ ಗೆಳೆಯನೊಬ್ಬ ಇನ್ನೂ ಸುಲಭದ ದಾರಿ ಹೇಳಿದ. ಸೆನ್ಸರ್ ಕೆಟ್ಟಿರಬೇಕು, ರೀಸೆಟ್ ಮಾಡಿ ಹೊರಟುಬಿಡು ಎಂದು. ಅಂದು ರಾತ್ರಿಯೇ ಅವರು ಪುಣೆಗೆ ಹೊರಡುವವರು. ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ, ಅದೂ ಈ ಕಾರು ಓಡುವ ವೇಗದಲ್ಲಿ.

ಮಕ್ಕಳೇ, ನಾನು ಮೆಕ್ಯಾನಿಕ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆದರೆ ರೀಸೆಟ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನಗೆ ನಮ್ಮ ಹಳೆಯ ಲೆಡ್ಜರುಗಳು ನೆನಪಾದವು. ಕಂಪ್ಯೂಟರ್ ಬರುವ ಮೊದಲು ಖಾತೆಗಳನ್ನೆಲ್ಲ ಕೈಯಿಂದ ಕೂಡಿಸಿ ತಾಳೆ ನೋಡಬೇಕಿತ್ತು. ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟು ಗಂಟೆಯವರೆಗೆ ಕೂತು ಹುಡುಕುತ್ತಿದ್ದೆವು. ಹುಡುಕುವುದಕ್ಕೂ ಉಪಾಯಗಳಿದ್ದವು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು, 54ರ ಬದಲು 45 ಎಂದು. ವ್ಯತ್ಯಾಸದ ರೀತಿ ನೋಡಿಯೇ ತಪ್ಪಿನ ಜಾತಿ ಗೊತ್ತಾಗುತ್ತಿತ್ತು. ಹುಡುಕಲು ಬೇಸರವಾದವರಿಗೆ ಇನ್ನೊಂದು ದಾರಿಯಿತ್ತು. ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗುವುದು. ಲೆಕ್ಕ ತಾಳೆಯಾದಂತೆ ಕಾಣುತ್ತಿತ್ತು, ತಪ್ಪು ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

"ಮೊದಲ ನಾಲ್ಕೂ ಗಾಲಿ ಲೆಕ್ಕ ತಗಿ. ರೀಸೆಟ್ ಆಮೇಲೆ," ಎಂದೆ. ಅಳಿಯ ನಕ್ಕ. ಆದರೂ ಮಾಮಾನ ಮಾತು ತೆಗೆದುಹಾಕಲಿಲ್ಲ.

ಅವನ ಕಾರಿನಲ್ಲಿ ಪ್ರತಿ ಗಾಲಿಯ ಒತ್ತಡ ಪರದೆಯ ಮೇಲೆ ಬೇರೆ ಬೇರೆಯಾಗಿ ಕಾಣುತ್ತದೆ. ಮೊಮ್ಮಗಳಿಗೆ ನನ್ನ ಪೆನ್ನು ಕೊಟ್ಟು ಬರೆದುಕೋ ಎಂದೆ. ಮುಂದಿನ ಎರಡೂ 30. ಹಿಂದೆ ಬಲಕ್ಕೆ 34, ಎಡಕ್ಕೆ 27. ಎಷ್ಟಿರಬೇಕು? ಚಾಲಕನ ಬಾಗಿಲು ತೆರೆದರೆ ಒಳಗಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ. ಈ ಕಾರಿಗೆ ಮುಂದೆ 34, ಹಿಂದೆ 38. ಇವೆಲ್ಲ ಪಿ.ಎಸ್.ಐ. ಲೆಕ್ಕ, ಎಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡು ಒತ್ತಡ ಎಂಬುದು.

ಹುಡುಗಿ ಕಳೆಯುವ ಲೆಕ್ಕ ಮಾಡಿದಳು. ನಾಲ್ಕು, ನಾಲ್ಕು, ನಾಲ್ಕು, ಹನ್ನೊಂದು.

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ನಾಲ್ಕರ ಕಥೆಯನ್ನು ಅಳಿಯನೇ ಬಿಡಿಸಿದ. ಎರಡು ದಿನದ ಹಿಂದೆ ಬರುವಾಗ ಬೆಳಗಾವಿ ದಾಟಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಒಂದು ಬಂಕಿನಲ್ಲಿ ನಿಂತು ಹವಾ ಸರಿಮಾಡಿಸಿದ್ದನಂತೆ. ನೂರಾರು ಕಿಲೋಮೀಟರ್ ಓಡಿ ಬಿಸಿಯಾದ ಟೈರು ಅದು. ಬಿಸಿಯಾದರೆ ಒಳಗಿನ ಗಾಳಿ ಹಿಗ್ಗಲು ನೋಡುತ್ತದೆ, ಜಾಗವಿಲ್ಲದೆ ಒತ್ತಡ ಏರುತ್ತದೆ. ಆಗ ಗೇಜಿನಲ್ಲಿ 38 ಕಂಡರೆ ಆರಿದ ಮೇಲೆ ಅದು 34 ಆಗುವುದು ಸಹಜ. ಚೀಟಿಯಲ್ಲಿ ಬರೆದದ್ದು ತಣ್ಣಗಿರುವ ಟೈರಿನ ಲೆಕ್ಕ. ಕಾರು ಮೂರು ತಾಸಾದರೂ ನಿಂತಿದ್ದ ಮೇಲೆ ಅಳೆಯಬೇಕು, ಬೆಳಗ್ಗೆ ಹೊರಡುವ ಮುಂಚೆ ಅಳೆದರೆ ಇನ್ನೂ ಒಳ್ಳೆಯದು.

ಥಂಡಿಯ ಮಾತೂ ಪೂರ್ತಿ ಸುಳ್ಳಲ್ಲ. ಉಷ್ಣತೆ ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನಲ್ಲಿ ಒಂದು ಪಿ.ಎಸ್.ಐ. ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಇದ್ದದ್ದು ಬೆಳಗಿನ ಜಾವ 15ಕ್ಕೆ ಬಂದರೆ ಎರಡೂವರೆ ಪಿ.ಎಸ್.ಐ. ಹೋಯಿತು. ಆದರೆ ಥಂಡಿಗೆ ಪಕ್ಷಪಾತ ಗೊತ್ತಿಲ್ಲ. ಇಳಿಸಿದರೆ ನಾಲ್ಕೂ ಗಾಲಿಯಲ್ಲಿ ಸುಮಾರು ಒಂದೇ ಸಮ ಇಳಿಸುತ್ತದೆ. ಒಂದರಲ್ಲಿ ಮಾತ್ರ ಏಳು ಹೆಚ್ಚಿಗೆ ಇಳಿದಿದೆ ಎಂದರೆ ಅದು ಥಂಡಿಯ ಕೆಲಸವಲ್ಲ.

ಈ ದೀಪಕ್ಕೂ ಒಂದು ಚರಿತ್ರೆಯಿದೆ. ಜರ್ಮನಿಯ ಪೋರ್ಷೆ ಕಂಪನಿ 1986ರಲ್ಲಿ ಹೊರತಂದ 959 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲಿಗೆ ಇಂಥ ವ್ಯವಸ್ಥೆ ಬಂತು. ವೇಗ ಹೆಚ್ಚಿದಷ್ಟೂ ಟೈರಿನ ತಪ್ಪಿಗೆ ಕ್ಷಮೆಯಿಲ್ಲ, ಅದಕ್ಕೇ ಓಟದ ಕಾರಿಗೆ ಮೊದಲು ಬೇಕಾಯಿತು. ಆಮೇಲೆ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳು ಹರಿದು, ಗಾಡಿಗಳು ಉರುಳಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಗಲಾಟೆಯಿಂದ 2000ದಲ್ಲಿ ಅಲ್ಲಿ ಕಾಯಿದೆ ಬಂತು. 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಲ್ಲೂ ಈ ದೀಪ ಕಡ್ಡಾಯವಾಯಿತು. ಇರಬೇಕಾದ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಕಡಿಮೆಯಾದಾಗ ದೀಪ ಹತ್ತಲೇಬೇಕು ಎಂಬುದು ಅಲ್ಲಿಯ ನಿಯಮ. 38ರಲ್ಲಿ ಕಾಲು ಭಾಗ ಕಳೆದು ನೋಡಿ, ಇಪ್ಪತ್ತೆಂಟೂವರೆ ಬರುತ್ತದೆ. ಎಂದರೆ ದೀಪ ಹತ್ತುವ ಹೊತ್ತಿಗೆ ಟೈರು ಆಗಲೇ ಸಾಕಷ್ಟು ಸೊರಗಿರಬಹುದು. ದೀಪ ಹತ್ತಿಲ್ಲ, ಆದ್ದರಿಂದ ಹವಾ ಸರಿಯಿದೆ ಎನ್ನುವಂತಿಲ್ಲ.

ಹವಾ ಕಡಿಮೆಯಾದ ಟೈರು ಒಡೆಯುವುದೇಕೆ? ತೆಳುವಾದ ತಂತಿಯೊಂದನ್ನು ಅತ್ತ ಇತ್ತ ಬಗ್ಗಿಸುತ್ತ ಹೋಗಿ. ಬಗ್ಗಿದ ಜಾಗ ಬೆಚ್ಚಗಾಗುತ್ತದೆ, ಆಮೇಲೆ ತುಂಡಾಗುತ್ತದೆ. ಸೊರಗಿದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೀಗೆಯೇ ಬಗ್ಗಿ ಏಳುತ್ತದೆ, ನಿಮಿಷಕ್ಕೆ ನೂರಾರು ಸಲ. ಒಳಗಿನ ನೂಲಿನ ಪದರು ಕಾದು ರಬ್ಬರಿನಿಂದ ಬಿಟ್ಟುಕೊಳ್ಳುತ್ತದೆ.

1987ರಲ್ಲಿ ನಮ್ಮ ಶಾಖೆಯ ಗೆಳೆಯನೊಬ್ಬ ಮದುವೆಗೆಂದು ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದ. ದಾರಿಯಲ್ಲಿ ಹಿಂದಿನ ಗಾಲಿ ಒಡೆದು ಕಾರು ಎರೆಹೊಲಕ್ಕೆ ಉರುಳಿತು. ಹೊರಡುವಾಗಲೇ ಆ ಗಾಲಿ ಮೆತ್ತಗಿತ್ತಂತೆ, ಹುಬ್ಬಳ್ಳಿಯಲ್ಲಿ ನೋಡಿದರಾಯಿತು ಎಂದುಕೊಂಡಿದ್ದರಂತೆ. ಗೆಳೆಯ ಉಳಿದ. ಆದರೆ ಮುತ್ತು ಪೋಣಿಸಿದಂತೆ ಲೆಡ್ಜರ್ ಬರೆಯುತ್ತಿದ್ದ ಬಲಗೈ ಮತ್ತೆ ಮೊದಲಿನಂತಾಗಲಿಲ್ಲ. ನಿವೃತ್ತಿಯವರೆಗೂ ಎಡಗೈಯಿಂದ ಬರೆದ. ರಾತ್ರಿ ಹೊರಡುವೆನೆಂದು ಅಳಿಯ ಅಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಎಡಗೈ ಅಕ್ಷರ. ಅದನ್ನು ಅವನಿಗೆ ಹೇಳಿದೆ. ಆಮೇಲೆ ಅವನು ನಗಲಿಲ್ಲ.

ನಿಧಾನವಾಗಿ ಹುಬ್ಬಳ್ಳಿ ರಸ್ತೆಯ ಪಂಕ್ಚರ್ ಅಂಗಡಿಗೆ ಹೋದೆವು. ಅಲ್ಲಿಯವನು ತನ್ನ ಗೇಜು ಹಚ್ಚಿ ನೋಡಿದ. 28 ತೋರಿಸಿತು. ಪರದೆ 27 ಎಂದಿತ್ತು. ಒಂದರ ವ್ಯತ್ಯಾಸ ಗೇಜಿನಿಂದ ಗೇಜಿಗೆ ಇದ್ದದ್ದೇ. ಇಬ್ಬರು ಸಾಕ್ಷಿಗಳೂ ಒಂದೇ ಮಾತು ಹೇಳಿದ ಮೇಲೆ ಸೆನ್ಸರ್ ಕೆಟ್ಟಿದೆ ಎಂಬ ಗೆಳೆಯನ ವಾದ ಬಿದ್ದುಹೋಯಿತು. ಸಾಬೂನಿನ ನೀರು ಬಳಿದು ಗಾಲಿಯನ್ನು ಸಾವಕಾಶ ಮುಂದೆ ಸರಿಸಿದಾಗ ಒಂದು ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದವು. ಟೈರಿನ ಗೆರೆಗಳ ನಡುವೆ ಸವೆದು ಹೊಳೆಯುವ ಒಂದು ಮೊಳೆಯ ತಲೆ.

"ಎತ್ತಿನ ಲಾಳದ ಮೊಳಿರೀ ಇದು," ಎಂದ ಅಂಗಡಿಯವನು.

ಹಿಂದಿನ ದಿನ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ನಾವೆಲ್ಲ ಗಾಡಿಯಲ್ಲಿ ಕೂತಿದ್ದರೆ ಅಳಿಯ ಮಾತ್ರ ಡಾಂಬರು ಮುಗಿಯುವವರೆಗೂ ಕಾರು ತಂದು, ಗಾಡಿಗಳ ಸಾಲಿನಲ್ಲಿಯೇ ನಿಲ್ಲಿಸಿದ್ದ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಉಂಡು ಬರುವಷ್ಟರಲ್ಲಿ ಯಾವುದೋ ಎತ್ತು ಕಳಕೊಂಡ ಮೊಳೆ ಕಾರಿಗೆ ಸೇರಿತ್ತು.

ಅಂಗಡಿಯವನು ಪ್ರಾಮಾಣಿಕ. ಮೊಳೆ ಕಿತ್ತು ಹೊರಗಿನಿಂದ ರಬ್ಬರಿನ ಬತ್ತಿ ತುರುಕಿ ದುಡ್ಡು ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಇಷ್ಟ ಜೋರ ಓಡೂ ಗಾಡಿಗೆ ಬತ್ತಿ ನಂಬಬ್ಯಾಡ್ರಿ. ಮೊಳಿ ಅಲ್ಲೇ ಇರಲಿ. ಹವಾ ತುಂಬಿ ಕೊಡತೀನಿ, ಸಾವಕಾಶ ಹುಬ್ಬಳ್ಳಿಗೆ ಹೋಗಿ ಒಳಗಿಂದ ಪ್ಯಾಚ್ ಹಾಕಸ್ರಿ," ಎಂದ. ಹವಾದ ದುಡ್ಡಷ್ಟೇ ತೆಗೆದುಕೊಂಡ. ಕಾರಿನಲ್ಲಿ ಹೆಚ್ಚಿನ ಗಾಲಿ ಇರಲೇ ಇಲ್ಲ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಇರುವುದಿಲ್ಲ. ಈ ಒತ್ತಡ ನೋಡುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಸಣ್ಣ ಗಾಡಿಗಳಿಗೆ ಸ್ಟೆಪ್ನಿ ಬೇಕಿಲ್ಲ ಎಂದು ನಮ್ಮ ಸರಕಾರವೂ 2020ರಲ್ಲಿ ನಿಯಮ ತಿದ್ದಿದೆ. ಇವನ ಕಿಟ್ಟಿನಲ್ಲಿ ಇದ್ದದ್ದು ಒಂದು ಸಣ್ಣ ಪಂಪು, ಒಂದು ಬಾಟಲಿ ಅಂಟುದ್ರವ. ಆ ದ್ರವ ಹಾಕಿದರೆ ಸೆನ್ಸರಿನ ಸಣ್ಣ ರಂಧ್ರ ಮುಚ್ಚಿಕೊಳ್ಳಬಹುದು, ಆಮೇಲೆ ತೊಳೆಯುವ ಕೆಲಸ ಬೇರೆ. ಬೇರೆ ದಾರಿಯಿಲ್ಲದಾಗ ಮಾತ್ರ ಅದು.

ಹುಬ್ಬಳ್ಳಿಯಲ್ಲಿ ಯಂತ್ರದ ಮೇಲೆ ಟೈರು ಬಿಚ್ಚಿದಾಗ ಮೊಮ್ಮಗಳಿಗೆ ಸೆನ್ಸರ್ ನೋಡಲು ಸಿಕ್ಕಿತು. ಹವಾ ತುಂಬುವ ವಾಲ್ವಿನ ಬುಡಕ್ಕೇ, ರಿಮ್ಮಿನ ಒಳಮೈಗೆ ಅಂಟಿಕೊಂಡ ಸಣ್ಣ ಕರಿ ಡಬ್ಬಿ. ಒಳಗೊಂದು ಪುಟ್ಟ ಬ್ಯಾಟರಿ. ಗಾಲಿ ತಿರುಗತೊಡಗಿದರೆ ಎಚ್ಚರಾಗಿ ಒತ್ತಡವನ್ನು ರೇಡಿಯೋ ಅಲೆಗಳ ಮೂಲಕ ಕಾರಿಗೆ ಹೇಳುತ್ತದೆ. ಟೈರು ಬಿಚ್ಚುವವರಿಗೆ ಸೆನ್ಸರ್ ಇದೆ ಎಂದು ಮೊದಲೇ ಹೇಳಬೇಕು. ವಾಲ್ವಿನ ಹತ್ತಿರ ಸಲಾಕೆ ಹಾಕಿ ಮೀಟಿದರೆ ಅದು ಪಟ್ಟನೆ ಮುರಿಯುತ್ತದೆ. ಟೈರಿನ ಒಳಗೆ ಕೈಯಾಡಿಸಿ ಕರಿ ಪುಡಿ ಉದುರಿದೆಯೇ ಎಂದೂ ನೋಡಿದರು. ಉದುರಿದ್ದರೆ ಪಕ್ಕೆ ಒಳಗೇ ಜಜ್ಜಿಹೋಗಿದೆ ಎಂದರ್ಥ, ಪ್ಯಾಚ್ ಹಾಕಿ ಉಪಯೋಗವಿಲ್ಲ. ಇರಲಿಲ್ಲ. ಆಗ ನಾನು ಚಹಾ ಕುಡಿದೆ.

ಎಲ್ಲ ಕಾರುಗಳಲ್ಲೂ ಈ ಡಬ್ಬಿ ಇರುವುದಿಲ್ಲ. ಕೆಲವು ಕಾರುಗಳು ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆಯಿಂದ ಗಾಲಿಗಳ ಸುತ್ತು ಎಣಿಸುತ್ತವೆ. ಹವಾ ಇಳಿದ ಗಾಲಿ ತುಸು ಗಿಡ್ಡವಾಗಿ ಉಳಿದವುಗಳಿಗಿಂತ ಬೇಗ ತಿರುಗುತ್ತದಲ್ಲ, ಅದರಿಂದ ಕಂಡುಹಿಡಿಯುತ್ತವೆ. ರೀಸೆಟ್ ಗುಂಡಿಯ ಅಪಾಯ ಇಲ್ಲಿ ಇನ್ನೂ ಹೆಚ್ಚು. ಹವಾ ಸರಿಮಾಡಿ ಒತ್ತಿದರೆ ಸರಿ. ಸರಿಮಾಡದೆ ಒತ್ತಿದರೆ ಸೊರಗಿದ ಗಾಲಿಯೇ ಸರಿಯಾದದ್ದು ಎಂದು ಕಾರು ಕಲಿತುಬಿಡುತ್ತದೆ. ನಾಲ್ಕೂ ಒಟ್ಟಿಗೆ ಇಳಿದರೆ ಇಂಥ ಕೆಲವು ಕಾರುಗಳಿಗೆ ಗೊತ್ತೇ ಆಗುವುದಿಲ್ಲ.

ದೀಪ ಸುಮ್ಮನೆ ಹತ್ತದೆ, ಚಾಲೂ ಮಾಡಿದಾಗ ಒಂದು ನಿಮಿಷದ ಮೇಲೆ ಮಿನುಗಿ ಆಮೇಲೆ ಸ್ಥಿರವಾಗಿ ನಿಂತರೆ ಅದು ಬೇರೆಯೇ ದೂರು. ಕೆಟ್ಟಿರುವುದು ಕಾವಲುಗಾರ. ಸೆನ್ಸರಿನ ಬ್ಯಾಟರಿ ಐದರಿಂದ ಹತ್ತು ವರ್ಷಕ್ಕೆ ಮುಗಿಯುತ್ತದೆ. ಟೈರು ಬದಲಿಸುವಾಗ ಸೆನ್ಸರ್ ಮುರಿದಿರಬಹುದು, ಅಥವಾ ಹೊಸದನ್ನು ಹಾಕಿ ಕಾರಿಗೆ ಪರಿಚಯ ಮಾಡಿಸುವುದನ್ನು ಮರೆತಿರಬಹುದು. ಧಾರವಾಡದ ನನ್ನ ಮಗಳ ಕಾರಿನಲ್ಲಿ ಹೊಸ ಟೈರು ಹಾಕಿಸಿದ ಮರುದಿನದಿಂದಲೇ ಮಿನುಗಲು ಶುರುವಾಗಿತ್ತು. ಏನಾಗಿತ್ತೆಂದು ಈಗ ನೀವೇ ಹೇಳಬಲ್ಲಿರಿ. ಇಂಥದ್ದನ್ನು ಸರಿಮಾಡಿಸುವವರೆಗೆ ಕೈಗೇಜೇ ಗತಿ. ಟೈರಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಖರ್ಚಲ್ಲ.

ಅಳಿಯ ಅಂದು ರಾತ್ರಿ ಹೊರಡಲಿಲ್ಲ. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮತ್ತೆ ಅಳೆದ. ಮುಂದೆ 34, 34. ಹಿಂದೆ 38, 38. ರಾತ್ರಿಯೆಲ್ಲ ನಿಂತರೂ ಎಡ ಹಿಂದಿನದು ಇಳಿದಿರಲಿಲ್ಲ. ದೀಪವೂ ಹತ್ತಲಿಲ್ಲ. ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಹೊರಟರು.

ಆ ಮೊಳೆ ಈಗ ನನ್ನ ಕನ್ನಡಕದ ಡಬ್ಬಿಯಲ್ಲಿದೆ. ಮೊಮ್ಮಗಳು ರವಿವಾರ ಬೆಳಗ್ಗೆ ಫೋನ್ ಮಾಡಿ ನಾಲ್ಕು ಅಂಕಿ ಹೇಳುತ್ತಾಳೆ, ನಾನು ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತೇನೆ. ಒಂದು ರವಿವಾರ ಎಡ ಹಿಂದಿನದು 37 ಎಂದಳು. ಒಂದು ಎಲ್ಲಿ ಹೋಯಿತು ಎಂದು ತುಸು ಗಾಬರಿಯಿಂದಲೇ ಕೇಳಿದೆ.

"ನಾಲ್ಕೂ ಒಂದೊಂದು ಕಡಿಮಿ ಅದಾವ ಅಜ್ಜಾ," ಎಂದಳು. "ಇವತ್ತ ಇಲ್ಲೆ ಭಾಳ ಥಂಡಿ ಐತಿ."