ಪಂಪ್ ಬಿಚ್ಚುವ ಮುಂಚೆ

ಬೆಂಗಳೂರಿನ ಕಲಾಸಿಪಾಳ್ಯದ ಓಣಿಯೊಂದರಲ್ಲಿರುವ ಈ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಎರಡು ಮುಖ. ಹೊರಗೆ ಮಸಿ, ಎಣ್ಣೆ, ಕೂಗಾಟ. ಒಳಗಿನ ಗಾಜಿನ ಕೋಣೆಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಅಲ್ಲಿ ಕೈ ಒರೆಸುವ ಬಟ್ಟೆಗೂ ಪ್ರವೇಶವಿಲ್ಲ. ನೂಲಿನ ಒಂದೆಳೆ ವಾಲ್ವಿನ ಸೀಟಿಗೆ ಅಂಟಿದರೂ ಮಾಡಿದ ಕೆಲಸವೆಲ್ಲ ಕೆಟ್ಟಂತೆ.

ಹಳೇ ಲಾರಿಗಳ ಸಾಲು ಪಂಪನ್ನು ಇಲ್ಲಿ ಈಗಲೂ ‘ಮೈಕೋ ಪಂಪ್’ ಅಂತಲೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತು. ಆ ಬದಲಾವಣೆ ಈ ಓಣಿಗೆ ಇನ್ನೂ ಬಂದಿಲ್ಲ.

ಮೇಸ್ತ್ರಿ ಡೀಸೆಲ್ ತಟ್ಟೆಯಿಂದ ಒಂದು ಡೆಲಿವರಿ ವಾಲ್ವ್ ಎತ್ತಿಕೊಂಡರು. ಪ್ಲಂಜರ್ ತಳ್ಳಿದ ಡೀಸೆಲ್ಲನ್ನು ನಾಝಲ್ ಕಡೆಗೆ ಬಿಟ್ಟು, ಹಿಂದಕ್ಕೆ ಬರದಂತೆ ತಡೆಯುವುದು ಇದರ ಕೆಲಸ. ಸೀಟಿನ ಕೆಳಗೆ ಸಣ್ಣದೊಂದು ಉಂಗುರದಂಥ ಪಟ್ಟಿ. ವಾಲ್ವ್ ಮುಚ್ಚುವಾಗ ಅದು ಪೈಪಿನಿಂದ ಒಂಚೂರು ಡೀಸೆಲ್ಲನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಪೈಪಿನ ಒತ್ತಡ ಥಟ್ಟನೆ ಇಳಿದು ನಾಝಲ್ಲಿನ ಸೂಜಿ ಕೂತುಬಿಡುತ್ತದೆ. ಪಟ್ಟಿ ಸವೆದರೆ ನಾಝಲ್ ತೊಟ್ಟಿಕ್ಕಿ ಹೊಗೆ ಬರುತ್ತದೆ. ಸೀಟು ಸವೆದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಪರೀಕ್ಷೆಗೆ ಅವರಿಗೆ ಯಂತ್ರ ಬೇಕಿಲ್ಲ. ವಾಲ್ವನ್ನು ಮೇಲಕ್ಕೆತ್ತಿ, ಸೀಟಿನ ಕೆಳಗಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಕೈಬಿಟ್ಟರು. ಸರ್ರನೆ ಇಳಿದ ವಾಲ್ವ್ ಸೀಟು ತಲುಪುವ ಮೊದಲೇ ನಿಂತಿತು. “ಇದು ಗಟ್ಟಿಮುಟ್ಟು ಸಾರ್.” ಇನ್ನೊಂದು ಪೂರ್ತಿ ಕೆಳಗೆ ಕೂತಿತು. ಅದು ಗುಜರಿ ಡಬ್ಬಕ್ಕೆ.

ಗಾಡಿಯಿಂದ ಪಂಪ್ ಇಳಿಸದೆಯೂ ಸೀಟು ನೋಡಬಹುದು. ಹೈ ಪ್ರೆಶರ್ ಪೈಪುಗಳನ್ನು ಕಳಚಿ, ಪಂಪಿನ ಲಿವರನ್ನು ಸ್ಟಾಪ್‌ಗೆ ಎಳೆದು, ಹ್ಯಾಂಡ್ ಪಂಪ್ ಒತ್ತಬೇಕು. ಯಾವ ವಾಲ್ವ್ ಹೋಲ್ಡರಿನ ಬಾಯಲ್ಲಿ ಡೀಸೆಲ್ ಜಿನುಗುತ್ತದೋ ಆ ವಾಲ್ವ್ ಸೋರುತ್ತಿದೆ ಎಂದರ್ಥ. ಐದು ನಿಮಿಷದ ಇಂಥ ಕೆಲಸ ಬಿಟ್ಟು ಸೀದಾ ಪಂಪನ್ನೇ ಬಿಚ್ಚುವವರು ಜಾಸ್ತಿ. ಬಿಲ್ಲು ದೊಡ್ಡದಾಗುವುದು ಅಲ್ಲೇ ಅನ್ನುವುದು ನನ್ನ ಗುಮಾನಿ.

ಕಾಮನ್ ರೈಲ್ ಗಾಡಿಗಳ ಲೆಕ್ಕ ಬೇರೆ. ಒತ್ತಡ 1600 ಬಾರ್ ದಾಟುವುದೂ ಉಂಟು. ಎಂಜಿನ್ ಓಡುವಾಗ ಪೈಪಿನ ನಟ್ ಸಡಿಲಿಸುವ ಹಳೇ ಚಾಳಿ ಇಲ್ಲಿ ನಡೆಯದು, ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಬದಲಿಗೆ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟುತ್ತಾರೆ. ಯಾವುದರ ಬಾಟಲಿ ಬೇಗ ತುಂಬುತ್ತದೋ, ಆ ಇಂಜೆಕ್ಟರಿನೊಳಗೆ ಸಾಸಿವೆ ಕಾಳಿನಷ್ಟು ಬಾಲ್ ಕೂರುವ ಸೀಟಿನ ಮೇಲೇ ಮೊದಲ ಅನುಮಾನ.

ಅಷ್ಟರಲ್ಲಿ ಹೊರಗೊಂದು ಟಿಪ್ಪರ್ ಬಂತು. ಖಾಲಿ ಓಡಿದರೆ ಸರಿ, ಲೋಡು ಹಾಕಿ ದಿಣ್ಣೆ ಏರಿದರೆ ದಮ್ಮಿಲ್ಲ ಅಂದ ಡ್ರೈವರ್. ಊರಿನಲ್ಲಿ ಪಂಪೇ ಹೋಗಿದೆ ಅಂದರಂತೆ. ಮೇಸ್ತ್ರಿ ಪಂಪ್ ಮುಟ್ಟಲಿಲ್ಲ. ರಿಟರ್ನ್ ಪೈಪಿನ ಬುಡದ ಓವರ್‌ಫ್ಲೋ ವಾಲ್ವ್ ಬಿಚ್ಚಿದರು. ಪಂಪಿನ ಗ್ಯಾಲರಿಯಲ್ಲಿ ಒಂದು, ಒಂದೂವರೆ ಬಾರ್ ಒತ್ತಡ ಹಿಡಿದಿಡಬೇಕಾದದ್ದು ಇದು. ಒಳಗಿನ ಸ್ಪ್ರಿಂಗ್ ಎರಡು ತುಂಡು. ಡೀಸೆಲ್ ಎಲ್ಲ ಸಲೀಸಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತಿತ್ತು.

“ಇಷ್ಟೇನಾ ಮೇಸ್ತ್ರಿ?”

“ಇಷ್ಟೇ. ಫಿಲ್ಟರ್ ಯಾವಾಗ ಬದಲಾಯಿಸಿದ್ದೆ, ಅದನ್ನ ಹೇಳು.”

ಡ್ರೈವರ್ ಕ್ಲೀನರ್ ಹುಡುಗನ ಮುಖ ನೋಡಿದ.