ತೆರೆಯ ಮೇಲೆ ನಿಲ್ಲುವ ವಿದ್ಯೆ

ಉಡುಪಿಯ ಪಡುವಲಿಗೆ ಮಲ್ಪೆ. ಮಲ್ಪೆಯಿಂದ ಕಡಲ ಕರೆಯನ್ನೇ ಹಿಡಿದು ಬಡಗಲಿಗೆ ಸಾಗಿದರೆ ಹೂಡೆ. ಹೂಡೆಯಿಂದ ಮುಂದಕ್ಕೆ ನೆಲವು ಬರಬರುತ್ತ ಕಿರಿದಾಗಿ, ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣಾ ನದಿ, ನಡುವೆ ತೆಂಗಿನ ಮರಗಳೂ ಮನೆಗಳೂ ಒಂದು ದಾರಿಯೂ ಮಾತ್ರ ಉಳಿಯುತ್ತವೆ. ಕೊನೆಗೆ ಕೋಡಿ ಬೆಂಗ್ರೆಯಲ್ಲಿ ಆ ದಾರಿಯೂ ಮುಗಿದು, ಸೀತಾ ಸುವರ್ಣಾ ನದಿಗಳೆರಡೂ ಕೂಡಿ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ಇಲ್ಲಿಯ ಜನರ ಅನ್ನವೆಲ್ಲ ನೀರಿನಿಂದಲೇ ಬರತಕ್ಕದ್ದು. ಆದರೂ ಒಂದು ವಿಚಿತ್ರವುಂಟು. ಕಡಲ ಮಗ್ಗುಲಲ್ಲಿ ಹುಟ್ಟಿ, ಕಡಲ ಮಗ್ಗುಲಲ್ಲೇ ಮುದುಕಿಯರಾದ ಹೆಂಗಸರಲ್ಲಿ ಮೊಣಕಾಲಿಗಿಂತ ಮೇಲಿನ ನೀರನ್ನು ಕಾಣದವರು ಎಷ್ಟೋ ಮಂದಿ. ಮೀನನ್ನು ಹೊತ್ತು ಮಾರಿದವರು ಅವರು. ಈಜನ್ನು ಮಾತ್ರ ಯಾರೂ ಅವರಿಗೆ ಕಲಿಸಲಿಲ್ಲ.

ಇಂಥ ಕರೆಯಲ್ಲಿಯೇ ಈಚಿನ ವರ್ಷಗಳಲ್ಲಿ ಒಂದು ಹೊಸ ಆಟ ನೆಲೆಯೂರಿದೆ. ಆಳುದ್ದಕ್ಕಿಂತಲೂ ಹೆಚ್ಚು ಉದ್ದದ ಒಂದು ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೈಗಳಿಂದ ಹುಟ್ಟು ಹಾಕುತ್ತ, ಹಿಂದಿನಿಂದ ಬರುವ ತೆರೆಯು ಹಲಗೆಯನ್ನು ಎತ್ತಿಕೊಂಡೊಡನೆ ಥಟ್ಟನೆ ಎದ್ದು ನಿಂತು, ದಡದವರೆಗೂ ತೆರೆಯನ್ನೇರಿ ಬರುವುದು. ಇದಕ್ಕೆ ಸರ್ಫಿಂಗ್ ಎಂದು ಹೆಸರು. ನಾವು ಇದನ್ನು ತೆರೆಸವಾರಿ ಎಂದು ಕರೆಯುವೆವು. ಈ ಆಟವನ್ನು ನೋಡಿ ಬೆರಗಾದವರು ಬಹಳ. 'ನಮಗೆಲ್ಲಿಯದು' ಎಂದು ಮನೆಗೆ ಹಿಂದಿರುಗಿದವರು ಅದಕ್ಕಿಂತ ಬಹಳ. ಈ ಎರಡನೆಯ ಗುಂಪಿನವರಿಗಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ವಿದ್ಯೆ ನಮ್ಮ ಕರಾವಳಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ಅಮೆರಿಕಾ ದೇಶದವರಾದ ಜ್ಯಾಕ್ ಹೆಬ್ನರ್ ಎಂಬವರು ಸಂನ್ಯಾಸಿಗಳಾಗಿ 2004ರ ಸುಮಾರಿಗೆ ಮೂಲ್ಕಿಯಲ್ಲಿ ಆಶ್ರಮವನ್ನು ಮಾಡಿಕೊಂಡು, ಜಪತಪಗಳೊಡನೆ ತೆರೆಸವಾರಿಯನ್ನೂ ನಡೆಸುತ್ತಿದ್ದರು. ಜನರು ಅವರನ್ನು ಸರ್ಫಿಂಗ್ ಸ್ವಾಮಿ ಎಂದೇ ಕರೆದರು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಲವೀಯ ಮತ್ತು ತುಷಾರ್ ಪಥಿಯನ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ 2007ರಲ್ಲಿ ಜರ್ಮನಿಯಿಂದ ಓದಲು ಬಂದಿದ್ದ ಒಬ್ಬ ಹುಡುಗನ ಮೂಲಕ ಈ ಆಶ್ರಮದ ಸುದ್ದಿ ತಿಳಿಯಿತು. ಇಶಿತಾ ಮುಂಬಯಿಯ ಹುಡುಗಿ, ಪತ್ರಿಕೋದ್ಯಮದ ವಿದ್ಯಾರ್ಥಿನಿ. ಇವರು ಮೂಲ್ಕಿಗೆ ಹೋಗಿ ಕಲಿತರು. ಕೈಯಲ್ಲಿ ಹಣವಿಲ್ಲದ್ದರಿಂದ ಮೊದಮೊದಲು ಇಬ್ಬರಿಗೂ ಒಂದೇ ಹಲಗೆ. ಒಬ್ಬರು ನೀರಿನಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ. ಹೀಗೆ ಕಲಿತವರು ಮುಂದೆ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ಬನ್ನು ಕಟ್ಟಿ, ಬಂದವರಿಗೆ ಕಲಿಸತೊಡಗಿದರು. ಹೆಂಗಸರಲ್ಲಿ ತೆರೆಸವಾರಿಯನ್ನೇ ವೃತ್ತಿಯಾಗಿ ಕೈಕೊಂಡ ಮೊದಲನೆಯ ಭಾರತೀಯಳೆಂದು ಇಶಿತಾಳ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿದೆ. ಆದರೆ ನಮ್ಮ ಮನಸ್ಸಿಗೆ ಹಿಡಿಸಿದ್ದು ಆ ಕೀರ್ತಿಗಿಂತಲೂ ಬೇರೆಯ ಒಂದು ಸಂಗತಿ: ಆಕೆ ಊರಿನ ಬೆಸ್ತರ ಮಕ್ಕಳನ್ನು ಹಲಗೆಯ ಮೇಲೆ ನಿಲ್ಲಿಸಿದ್ದಲ್ಲದೆ, ಅವರ ತಾಯಂದಿರನ್ನೂ ನೀರಿಗಿಳಿಸಿ ಈಜು ಕಲಿಸಲು ಮುಂದಾದಳು.

ಇನ್ನು ಗೃಹಸ್ಥರ ಮನೆಗಳಲ್ಲಿ ಈ ಆಟದ ಮಾತೆತ್ತಿದರೆ ಏಳುವ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು, ಬಿಸಿಲಿಗೆ ಹುಡುಗಿ ಕಪ್ಪಾಗುವಳೆಂಬುದು. ಇದನ್ನು ಇಶಿತಾಳೂ ಕೇಳಬೇಕಾಯಿತು. ಅನೇಕ ಹುಡುಗಿಯರನ್ನು ಕಡಲಿನಿಂದ ದೂರವಿಟ್ಟಿರುವುದು ತೆರೆಯ ಭಯವಲ್ಲ, ಬಣ್ಣದ ಭಯವೆಂದು ಆಕೆ ಹಲವು ಬಾರಿ ಹೇಳಿರುವಳು. ಉಪ್ಪುನೀರಿನಲ್ಲಿ ಎರಡು ಗಂಟೆ ಆಡಿದರೆ ಮೈ ಕಪ್ಪಾಗುವುದು ನಿಜ. ಆದರೆ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣಿನ ಬಣ್ಣವನ್ನು ಕುರಿತು ಚಿಂತಿಸದ ಸಮಾಜವು ಆಡುವ ಹೆಣ್ಣಿನ ಬಣ್ಣವನ್ನು ಕುರಿತು ಇಷ್ಟು ಚಿಂತಿಸುವುದೇಕೆಂದು ನಾವು ಕೇಳಬಯಸುತ್ತೇವೆ. ಎರಡನೆಯದು ಉಡುಪಿನ ಪ್ರಶ್ನೆ. ಮೊಣಕೈ ಮುಚ್ಚುವ, ಮೊಣಕಾಲಿನ ಕೆಳಗೂ ಬರುವ, ಮೈಗೆ ಅಂಟಿದ ಬಟ್ಟೆಯನ್ನೇ ಇಲ್ಲಿ ಧರಿಸಬೇಕಾದುದು. ಹಲಗೆಯ ಉಜ್ಜಾಟದಿಂದಲೂ ಬಿಸಿಲಿನಿಂದಲೂ ಮೈಯನ್ನು ಕಾಯುವುದು ಅದೇ. ಸೀರೆಯನ್ನಾಗಲಿ ಸಡಿಲವಾದ ಹತ್ತಿಯ ಬಟ್ಟೆಯನ್ನಾಗಲಿ ಉಟ್ಟು ಇಳಿಯುವುದು ಮರ್ಯಾದೆಯ ಹೆಸರಿನಲ್ಲಿ ಅಪಾಯವನ್ನು ಕಟ್ಟಿಕೊಂಡಂತೆ. ನೆನೆದ ಬಟ್ಟೆ ಕಾಲನ್ನು ಸುತ್ತಿ ಕೆಳಕ್ಕೆಳೆಯುವುದು.

ಮೂರನೆಯ ಆಕ್ಷೇಪವೇ ಎಲ್ಲಕ್ಕೂ ದೊಡ್ಡದು, ಮತ್ತು ಅದನ್ನು ಬೇರೆಯವರಲ್ಲ, ಕಲಿಯಬೇಕೆಂದು ಆಸೆಪಟ್ಟವರೇ ತಮಗೆ ತಾವು ಹೇಳಿಕೊಳ್ಳುವರು: 'ಈ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ಬೀಳುವುದೆ?' ಇದಕ್ಕೆ ಉತ್ತರವಾಗಿ ಪಶ್ಚಿಮ ದೇಶದ ಇನ್ನೊಂದು ಆಟವನ್ನು ಇಲ್ಲಿ ನೆನೆಯುವುದು ಯುಕ್ತ. ರೋಲರ್ ಡರ್ಬಿ ಎಂಬ ಈ ಆಟವನ್ನು 1935ರಲ್ಲಿ ಅಮೆರಿಕಾದ ಚಿಕಾಗೋ ನಗರದಲ್ಲಿ ಲಿಯೋ ಸೆಲ್ಟ್ಸರ್ ಎಂಬವನು ಆರಂಭಿಸಿದನು. ಗಾಲಿಯುಳ್ಳ ಬೂಟುಗಳನ್ನು ತೊಟ್ಟು ಸುತ್ತುವ ದೀರ್ಘ ಪಂದ್ಯವಾಗಿ ಹುಟ್ಟಿದ ಅದು ನಡುವೆ ಮಂಕಾಗಿ, 2001ರಲ್ಲಿ ಟೆಕ್ಸಸ್ ಪ್ರಾಂತದ ಆಸ್ಟಿನ್ ಪಟ್ಟಣದ ಹೆಂಗಸರ ಕೈಯಲ್ಲಿ ಮರುಹುಟ್ಟು ಪಡೆಯಿತು. ಒಂದೊಂದು ಪಕ್ಷಕ್ಕೆ ಐವರು. ಶಿರಸ್ತ್ರಾಣದ ಮೇಲೆ ನಕ್ಷತ್ರವನ್ನು ಧರಿಸಿದ ಒಬ್ಬಳು ಎದುರು ಪಕ್ಷದವರನ್ನು ದಾಟಿದಷ್ಟೂ ಅಂಕ, ಉಳಿದವರ ಕೆಲಸ ತಡೆಯುವುದು. ಇದಕ್ಕೆ ಸೇರಿದವರಲ್ಲಿ ಮಕ್ಕಳ ತಾಯಂದಿರು, ಕಚೇರಿಯ ಗುಮಾಸ್ತೆಯರು, ಹುಟ್ಟಿದಾರಭ್ಯ ಯಾವ ಆಟವನ್ನೂ ಆಡದವರು ಬಹುಮಂದಿ. ಅಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಬೀಳುವುದು. ಮೊಣಕಾಲಿನ ಕವಚದ ಮೇಲೆ ಬೀಳಬೇಕು, ಬಿದ್ದಾಗ ಮೈಯನ್ನು ಮುದುಡಿಕೊಳ್ಳಬೇಕು, ಇನ್ನೊಬ್ಬರ ಗಾಲಿ ಹರಿಯದಂತೆ ಬೆರಳುಗಳನ್ನು ಮುಷ್ಟಿ ಕಟ್ಟಬೇಕು, ಕೂಡಲೆ ಏಳಬೇಕು. ಬೀಳುವುದು ಬಂದವಳಿಗೆ ಓಡುವುದರ ಹೆದರಿಕೆ ಅರ್ಧ ಕಳೆಯಿತು.

ತೆರೆಸವಾರಿಯಲ್ಲಿಯೂ ಹಾಗೆಯೇ, ಆದರೆ ನೆಲದ ಬದಲು ನೀರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯವರಿಗೆ ಈ ಆಟ ಸಲ್ಲದು. ಇಲ್ಲಿ ಮೀಸೆ, ಕಿವಿ, ಮೂಗುಗಳೆಲ್ಲ ಮೊದಲ ದಿನವೇ ಮರಳಾಗುವುವು. ಎಷ್ಟು ಗಟ್ಟಿಗನಾದರೂ ಅಷ್ಟೆ. ಹವಾಯಿ ದ್ವೀಪದ ಡ್ಯೂಕ್ ಕಹನಮೋಕು ಎಂಬಾತನು 1912ರ ಒಲಿಂಪಿಕ್ ಈಜಿನಲ್ಲಿ ಚಿನ್ನ ಗೆದ್ದವನು. ಅವನು 1915ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಬಳಿ ತನ್ನ ಹಲಗೆಯ ಮೇಲೆ ಇಸಬೆಲ್ ಲೆತಮ್ ಎಂಬ ಹದಿನೈದು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ತೆರೆಗೆ ಹೋದನು. ತೆರೆಯ ತುದಿಯಿಂದ ಕೆಳಕ್ಕೆ ನೋಡಿದ ಹುಡುಗಿ ಹೆದರಿ ಹಿಂದೆಗೆದಳು; ಅವನು ಅವಳ ಕತ್ತಿನ ಹಿಂಬದಿಯನ್ನು ಹಿಡಿದೆತ್ತಿ ನಿಲ್ಲಿಸಿದನಂತೆ. ಆ ಹುಡುಗಿ ಮುಂದೆ ಈಜು ಕಲಿಸುವ ಅಧ್ಯಾಪಿಕೆಯಾದಳು. ಹೀಗೆ ಕತ್ತು ಹಿಡಿದೆತ್ತುವ ಗುರುವು ಎಲ್ಲರಿಗೂ ಸಿಗಲಾರನು. ಪಕ್ಕದಲ್ಲಿ ನಿಂತು, ಸರಿಯಾದ ತೆರೆ ಬಂದಾಗ ಹಲಗೆಯನ್ನು ಮೆಲ್ಲಗೆ ನೂಕಿ 'ಏಳು' ಎನ್ನುವವರು ಒಬ್ಬರಿದ್ದರೆ ಸಾಕು.

ಮೊದಲ ಪಾಠ ನೀರಿನಲ್ಲಲ್ಲ, ಒಣ ಮರಳಿನ ಮೇಲೆ. ಹಲಗೆಯ ಮೇಲೆ ಬೋರಲಾಗಿ ಮಲಗಬೇಕು. ಎದೆಯನ್ನೆತ್ತಿ ಮುಂದಕ್ಕೆ ನೋಡಬೇಕು. ಅಂಗೈಗಳನ್ನು ಪಕ್ಕೆಲುಬಿನ ಬದಿಯಲ್ಲಿ ಊರಿ, ಮೈಯನ್ನು ಎತ್ತಿ, ಎರಡು ಪಾದಗಳನ್ನೂ ಒಂದೇ ಸಲಕ್ಕೆ ಕೆಳಗೆ ತಂದು, ಒಂದು ಪಾದ ಮುಂದೆ ಒಂದು ಹಿಂದೆ ಇಟ್ಟು, ಮೊಣಕಾಲನ್ನು ಬಗ್ಗಿಸಿ ನಿಲ್ಲಬೇಕು. ಇದನ್ನು ಇಪ್ಪತ್ತು ಮೂವತ್ತು ಸಲ ಮಾಡುವಷ್ಟರಲ್ಲಿ ತೋಳು ಸೋಲುತ್ತದೆ. ಬೇಸರಪಡಕೂಡದು, ನೀರಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ. ಯಾವ ಕಾಲು ಮುಂದೆ ಎಂಬುದಕ್ಕೆ ಶಾಸ್ತ್ರವಿಲ್ಲ. ಹಿಂದಿನಿಂದ ಯಾರಾದರೂ ನೂಕಿದರೆ ತಾನಾಗಿ ಯಾವ ಕಾಲು ಮುಂದಕ್ಕೆ ಬೀಳುವುದೋ ಅದೇ. ಹೊಸಬರಿಗೆ ಉದ್ದವಾದ, ಅಗಲವಾದ, ಮೆತ್ತನೆಯ ಹಲಗೆಯೇ ಆಗಬೇಕು. ಚಿಕ್ಕ ಚೂಪಿನ ಹಲಗೆ ನೋಡಲು ಚಂದ, ನಿಲ್ಲಲು ಕಠಿನ. ಹಲಗೆಗೂ ಕಾಲಿನ ಹರಡಿಗೂ ಒಂದು ಹುರಿ ಕಟ್ಟಿರುತ್ತದೆ. ಬಿದ್ದಾಗ ಹಲಗೆ ತಪ್ಪಿಹೋಗದು, ಈಜಿ ಸೋತವರಿಗೆ ತೇಲುವ ಆಸರೆಯೂ ಆದೀತು.

ಬಳಿಕ ಸೊಂಟದುದ್ದದ ನೀರು. ದೂರದಲ್ಲಿ ಒಡೆದು, ನೊರೆಯಾಗಿ ದಡಕ್ಕೆ ಹರಿದು ಬರುವ ತೆರೆಯೇ ಕಲಿಯುವವರ ತೆರೆ. ಇನ್ನೂ ಒಡೆಯದ ಹಸುರು ತೆರೆ ಮುಂದಿನ ವರ್ಷದ್ದು. ಹಲಗೆಯನ್ನು ತನಗೂ ಬರುವ ತೆರೆಗೂ ನಡುವೆ ಅಡ್ಡವಾಗಿ ಹಿಡಿಯಕೂಡದು. ತೆರೆ ಅದನ್ನು ಎತ್ತಿ ಮುಖಕ್ಕೆ ಬಡಿಯುವುದು. ಬೀಳುವಾಗ ತಲೆ ಮುಂದಾಗಿ ಧುಮುಕಕೂಡದು, ಏಕೆಂದರೆ ಕೆಳಗೆ ನೀರು ಎಷ್ಟಿದೆಯೆಂದು ಮೇಲಿನಿಂದ ತಿಳಿಯದು. ಅಗಲವಾಗಿ, ಬೆನ್ನಿನ ಮೇಲೋ ಪಕ್ಕಕ್ಕೋ ಬೀಳಬೇಕು. ಮೇಲೇಳುವಾಗ ತೋಳುಗಳಿಂದ ತಲೆಯನ್ನು ಮುಚ್ಚಿಕೊಂಡು ಏಳಬೇಕು. ಹಲಗೆ ಎಲ್ಲಿದೆಯೋ ಯಾರಿಗೆ ಗೊತ್ತು! ಮೊದಲ ದಿನ ಮೊಣಕಾಲೂರಿ ಬಂದರೂ ಲಾಭವೇ. ಎರಡು ಕ್ಷಣ ನಿಂತು ಮೂರನೆಯ ಕ್ಷಣಕ್ಕೆ ನೀರು ಕುಡಿದು ನಗುತ್ತ ಎದ್ದವರ ಮುಖವನ್ನು ನೋಡಿದವರಿಗೆ ಈ ಆಟದ ಗುಟ್ಟನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಧೈರ್ಯ ಹೇಳಿದ ನಾವೇ ಎಚ್ಚರವನ್ನೂ ಹೇಳಬೇಕು. ಕಡಲಿನ ವಿಷಯದಲ್ಲಿ ಎರಡೂ ಒಂದೇ ಬಟ್ಟೆಯ ಎರಡು ಸೆರಗುಗಳು. ಮಳೆಗಾಲದ ಕಡಲು ಕಲಿಯುವವರದಲ್ಲ. ಜೂನ್ ಜುಲೈಗಳಲ್ಲಿ ಯಂತ್ರದ ದೋಣಿಗಳೇ ಸರಕಾರದ ನಿಷೇಧದಂತೆ ದಡದಲ್ಲಿರುವಾಗ ಹಲಗೆಗೆ ಅಲ್ಲೇನು ಕೆಲಸ? ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸುತ್ತಾರೆ. ಆ ಮೇಲೂ ನೀರು ಶಾಂತವಾಗಲು ಕೆಲವು ವಾರಗಳು ಬೇಕು. ಅಕ್ಟೋಬರದ ತರುವಾಯ ಬೇಸಗೆಯವರೆಗೆ ಹೊಸಬರ ಕಾಲ. ಅಳಿವೆಯ ಬಾಯಿಯನ್ನು ಮಾತ್ರ ಯಾವ ಕಾಲದಲ್ಲೂ ನಂಬಬಾರದು. ಇಳಿತದ ಹೊತ್ತಿಗೆ ಎರಡು ನದಿಗಳ ನೀರು ಅಲ್ಲಿ ಒಟ್ಟಾಗಿ ಹೊರಕ್ಕೆ ನುಗ್ಗುವುದು.

ಅಳಿವೆಯಿಲ್ಲದ ಕಡೆಯೂ ಸೆಳೆತವುಂಟು. ತೆರೆಗಳು ದಡಕ್ಕೆ ತಂದ ನೀರು ಎಲ್ಲಿಯಾದರೂ ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಒಂದು ಕಿರಿದಾದ ಓಣಿಯನ್ನು ಮಾಡಿಕೊಂಡು ವೇಗವಾಗಿ ಹಿಂದಿರುಗುವುದು. ಆ ಓಣಿಯಲ್ಲಿ ತೆರೆ ಒಡೆಯುವುದು ಕಡಮೆ. ಎರಡು ಬದಿಯ ನೊರೆಯ ನಡುವೆ ಅದೊಂದು ಶಾಂತವಾದ ಜಾಗವೆಂದು ತೋರುವುದು. ಪ್ರವಾಸಕ್ಕೆ ಬಂದ ಕುಟುಂಬಗಳು ಮಕ್ಕಳನ್ನು ಕೈಹಿಡಿದು ಇಳಿಸುವುದು ಸರಿಯಾಗಿ ಅಲ್ಲಿಯೇ! ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರಾಗಿ ಈಜಿ ಸೋಲುತ್ತಾರೆ. ಜೀವ ಹೋಗುವುದು ಆ ಸೋಲಿನಿಂದ. ಎದುರಿಸದೆ ತೇಲುತ್ತ, ಕೈಯೆತ್ತಿ ಕರೆಯುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದರೆ ತೆರೆಗಳೇ ಹಿಂದಕ್ಕೆ ತಂದುಬಿಡುತ್ತವೆ. ಹಲಗೆ ಕಲಿಯದವರಿಗೂ ಈ ಒಂದು ಪಾಠ ಬೇಕು. ಕಡಲತಡಿಯ ಮಕ್ಕಳಿಗೆ ಮಗ್ಗಿಯೊಡನೆ ಇದನ್ನು ಹೇಳಿಕೊಟ್ಟರೆ ಎಷ್ಟು ಮನೆಗಳ ದುಃಖ ತಪ್ಪೀತು!

ಈ ಆಟ ಈಗ ಮೋಜಾಗಿ ಮಾತ್ರ ಉಳಿದಿಲ್ಲ. 2021ರಲ್ಲಿ ಟೋಕಿಯೋದ ಒಲಿಂಪಿಕ್ ಕೂಟದಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ನಮ್ಮ ಸಸಿಹಿತ್ಲು, ಪಣಂಬೂರುಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. 2025ರಲ್ಲಿ ಮಹಾಬಲಿಪುರದ ಏಷ್ಯಾ ಸ್ಪರ್ಧೆಯಲ್ಲಿ ರಮೇಶ ಬೂದಿಹಾಳರು ಕಂಚಿನ ಪದಕವನ್ನು ಪಡೆದರು. ಆದರೆ ನಲುವತ್ತರ ಗೃಹಿಣಿಗೆ ಪದಕದ ಮಾತೇಕೆ? ನೀರಿನಲ್ಲಿ ಕಾಲು ನೆಲವನ್ನು ಬಿಟ್ಟಾಗಲೂ ಎದೆ ಹಾರದಿದ್ದರೆ ಅದೇ ಆಕೆಯ ಗೆಲುವು.

ಹೋಗುವವರಿಗೆ ಕೆಲವು ಗೃಹಕೃತ್ಯದ ಮಾತುಗಳು. ಮೊದಲು ಕೆರೆಯಲ್ಲೋ ಕೊಳದಲ್ಲೋ ತೇಲುವುದನ್ನಾದರೂ ಕಲಿತಿರಬೇಕು. ಹೃದ್ರೋಗ, ಮೂರ್ಛೆರೋಗ, ಕಿವಿ ಸೋರುವುದು ಇವುಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಹೊಟ್ಟೆ ತುಂಬ ಉಂಡು ಹೋಗಬೇಡಿ. ಬೆಳಿಗ್ಗೆ ಎರಡು ಇಡ್ಲಿಯೋ ಒಂದು ಬಟ್ಟಲು ಗಂಜಿಯೋ ಸಾಕು, ಹಿಂದಿರುಗಿದ ಮೇಲಿನ ಹಸಿವನ್ನು ಅಡಿಗೆಮನೆಗೆ ಮುಂಚಿತವಾಗಿ ತಿಳಿಸಿಡಿ. ಬಳೆ, ಸರ, ಉಂಗುರಗಳನ್ನು ಮನೆಯಲ್ಲೇ ಬಿಡಿ. ಕಡಲು ತೆಗೆದುಕೊಂಡ ಚಿನ್ನವನ್ನು ಹಿಂದಕ್ಕೆ ಕೊಟ್ಟದ್ದನ್ನು ನಾವು ಕೇಳಿಲ್ಲ. ಕೂದಲನ್ನು ಬಿಗಿಯಾಗಿ ಹೆಣೆದುಕೊಳ್ಳಿ. ಮರುದಿನ ತೋಳು ಭುಜಗಳು ನೋಯುವುವು. ಬಿಸಿನೀರಿನ ಸ್ನಾನಕ್ಕೆ ಅದು ಜಗ್ಗುವುದು. ಒಬ್ಬೊಬ್ಬರೇ ಹೋಗದೆ, ಕಲಿತ ಗುರುವಿನೊಡನೆ, ಆದರೆ ಇಬ್ಬರು ಮೂವರು ಗೆಳತಿಯರು ಕೂಡಿ ಹೋಗಿರಿ. ಒಬ್ಬಳು ಬಿದ್ದಾಗ ನಗಲು ಇನ್ನೊಬ್ಬಳು ಬೇಕಷ್ಟೆ, ಮತ್ತು ಅವಳ ಸರದಿಯೂ ಮರು ತೆರೆಗೇ ಬರುವುದು.