ಚೀನೀ ರೈಫಲ್‌ಗಳ ಮಾದರಿ ಹೆಸರುಗಳು

ಚೀನಾದಲ್ಲಿ ತಯಾರಾಗುವ ಸೇನಾ ರೈಫಲ್‌ಗಳ ಮಾದರಿ ಹೆಸರಿನಲ್ಲಿರುವ ಸಂಖ್ಯೆಯು ಸಾಮಾನ್ಯವಾಗಿ ಆ ಆಯುಧದ ವಿನ್ಯಾಸವು ಅಂಗೀಕಾರಗೊಂಡ ವರ್ಷವನ್ನು ಸೂಚಿಸುತ್ತದೆ. ಅದು ನಳಿಕೆಯ ಒಳವ್ಯಾಸವನ್ನಾಗಲಿ, ಸುಧಾರಣೆಯ ಕ್ರಮಾಂಕವನ್ನಾಗಲಿ ತಿಳಿಸುವುದಿಲ್ಲ. ಭಾರತದ ಪತ್ರಿಕಾ ವರದಿಗಳಲ್ಲಿ ಕಂಡುಬರುವ ‘ಎಕೆ-56’ ಎಂಬ ಹೆಸರಿನ ಮೂಲವೂ ಈ ಪದ್ಧತಿಯೇ ಆಗಿದೆ.

ವರ್ಷಗಣನೆ

ಚೀನೀ ಭಾಷೆಯಲ್ಲಿ ಸಂಖ್ಯೆಯ ನಂತರ ‘ಮಾದರಿ’ ಎಂಬರ್ಥದ ‘ಷಿ’ ಪದವು ಬರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಟೈಪ್’ ಎಂದು ಅನುವಾದಿಸಲಾಗಿದೆ. 1949ಕ್ಕಿಂತ ಮೊದಲು ಚೀನಾ ಗಣರಾಜ್ಯವು 1912ನ್ನು ಒಂದನೆಯ ವರ್ಷವೆಂದು ಎಣಿಸುತ್ತಿತ್ತು. ಆದ್ದರಿಂದ ಆ ಕಾಲದ ಟೈಪ್ 24 ರೈಫಲ್ 1924ರದ್ದಲ್ಲ, 1935ರದ್ದು. ಶಾಲಿವಾಹನ ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕವನ್ನು ಪಡೆಯುವಂತೆ, ಇಲ್ಲಿ 1911ನ್ನು ಕೂಡಿಸಬೇಕಾಗುತ್ತದೆ. 1949ರ ನಂತರ ಕಮ್ಯುನಿಸ್ಟ್ ಸರ್ಕಾರವು ಕ್ರಿಸ್ತಶಕವನ್ನು ಅಳವಡಿಸಿಕೊಂಡಿತು. ಅಂದಿನಿಂದ ವರ್ಷದ ಕೊನೆಯ ಎರಡು ಅಂಕಿಗಳು ಬಳಕೆಗೆ ಬಂದವು. ಟೈಪ್ 53 (1953), ಟೈಪ್ 63 (1963) ಮತ್ತು ಟೈಪ್ 81 (1981) ಇದಕ್ಕೆ ಉದಾಹರಣೆಗಳು.

ಒಂದೇ ಸಂಖ್ಯೆ, ಹಲವು ಆಯುಧಗಳು

ಒಂದೇ ವರ್ಷ ಅಂಗೀಕಾರಗೊಂಡ ಬೇರೆ ಬೇರೆ ಆಯುಧಗಳಿಗೆ ಒಂದೇ ಸಂಖ್ಯೆ ದೊರೆಯುತ್ತದೆ. ಸೋವಿಯತ್ ಒಕ್ಕೂಟದ ಎಸ್‌ಕೆಎಸ್ ಕಾರ್ಬೈನ್, ಎಕೆ ರೈಫಲ್ ಮತ್ತು ಆರ್‌ಪಿಡಿ ಮೆಷಿನ್ ಗನ್‌ಗಳ ಚೀನೀ ಪ್ರತಿರೂಪಗಳು ಮೂರೂ ‘ಟೈಪ್ 56’ಗಳೇ. ಇವುಗಳಲ್ಲಿ ಬಳಸುವ 7.62 ಮಿ.ಮೀ. ತೋಟಾಕ್ಕೂ ಅದೇ ಸಂಖ್ಯೆಯಿದೆ. ಆದಕಾರಣ ‘ಟೈಪ್ 56’ ಎಂದಷ್ಟೇ ಹೇಳಿದರೆ ಯಾವ ಆಯುಧವೆಂಬುದು ಸ್ಪಷ್ಟವಾಗುವುದಿಲ್ಲ. ಸಂಖ್ಯೆಯೊಂದಿಗೆ ಆಯುಧದ ವರ್ಗವನ್ನೂ ಹೇಳಬೇಕಾಗುತ್ತದೆ.

ಅಕ್ಷರ ಸಂಕೇತಗಳು

ಈ ಗೊಂದಲಕ್ಕೆ ಎಡೆಯಿಲ್ಲದಂತೆ ನಂತರದ ಪದ್ಧತಿಯಲ್ಲಿ ಸಂಖ್ಯೆಯ ಮೊದಲು ಮೂರು ರೋಮನ್ ಅಕ್ಷರಗಳನ್ನು ಸೇರಿಸಲಾಯಿತು. ‘ಕ್ಯೂಬಿಝಡ್-95’ರಲ್ಲಿ ಕ್ಯೂ ಎಂದರೆ ಲಘು ಆಯುಧ, ಬಿ ಎಂದರೆ ರೈಫಲ್, ಝಡ್ ಎಂದರೆ ಸ್ವಯಂಚಾಲಿತ. ಇವು ಆಯಾ ಚೀನೀ ಪದಗಳ ರೋಮನ್ ರೂಪದ ಮೊದಲ ಅಕ್ಷರಗಳು. ‘ಕ್ಯೂಬಿಯು-88’ ದೂರದ ಗುರಿಗೆ ಬಳಸುವ ಸ್ನೈಪರ್ ರೈಫಲ್, ‘ಕ್ಯೂಎಸ್‌ಝಡ್-92’ ಪಿಸ್ತೂಲು. ಸಂಖ್ಯೆಯು ಬಳಕೆಗೆ ಬಂದ ವರ್ಷವನ್ನೇ ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಕ್ಯೂಬಿಝಡ್-95 ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1997ರಲ್ಲಿ, ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರವಾದಾಗ. 2019ರ ಅಕ್ಟೋಬರ್ 1ರ ಪಥಸಂಚಲನದಲ್ಲಿ ಪ್ರದರ್ಶಿತವಾದ ‘ಕ್ಯೂಬಿಝಡ್-191’ರಲ್ಲಿ 19 ವರ್ಷಸೂಚಕವಾಗಿದ್ದು, ಕೊನೆಯ ಅಂಕಿಯು ಅದೇ ಸರಣಿಯ ಇತರ ಆಯುಧಗಳಿಂದ ಅದನ್ನು ಪ್ರತ್ಯೇಕಿಸುತ್ತದೆ.

ಭಾರತದಲ್ಲಿ ‘ಎಕೆ-56’

ಭಾರತದ ರೈಫಲ್‌ಗಳ ಹೆಸರುಗಳು ಬೇರೆ ಕ್ರಮವನ್ನು ಅನುಸರಿಸುತ್ತವೆ. ‘ತ್ರೀ ನಾಟ್ ತ್ರೀ’ ಎಂಬುದು ನಳಿಕೆಯ ಒಳವ್ಯಾಸವನ್ನು (0.303 ಅಂಗುಲ) ಸೂಚಿಸುತ್ತದೆ, ‘ಇನ್ಸಾಸ್’ ಎಂಬುದು ‘ಇಂಡಿಯನ್ ಸ್ಮಾಲ್ ಆರ್ಮ್ಸ್ ಸಿಸ್ಟಮ್’ ಎಂಬುದರ ಸಂಕ್ಷಿಪ್ತ ರೂಪ. 1962ರ ಯುದ್ಧದಲ್ಲಿ ಭಾರತೀಯ ಯೋಧರಲ್ಲಿ ಹೆಚ್ಚಿನವರು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ತ್ರೀ ನಾಟ್ ತ್ರೀ ರೈಫಲ್ ಹಿಡಿದು, ಟೈಪ್ 56 ಆಯುಧಗಳನ್ನು ಹೊಂದಿದ್ದ ಚೀನೀ ಸೈನಿಕರನ್ನು ಎದುರಿಸಿದರು.

ಎಕೆ ಮಾದರಿಯ ಟೈಪ್ 56 ರೈಫಲನ್ನು ಭಾರತದ ಪೊಲೀಸ್ ದಾಖಲೆಗಳು ಮತ್ತು ಪತ್ರಿಕೆಗಳು ‘ಎಕೆ-56’ ಎಂದು ಕರೆಯುತ್ತವೆ. 1993ರ ಮುಂಬೈ ಸರಣಿ ಸ್ಫೋಟ ಪ್ರಕರಣದ ವರದಿಗಳಲ್ಲಿ ಈ ಹೆಸರು ಮತ್ತೆ ಮತ್ತೆ ಕಾಣಿಸಿಕೊಂಡಿತು. ಎಕೆ-47, ಎಕೆ-74ಗಳ ಜೊತೆಗೆ ಓದಿದಾಗ ಇದೂ ರಷ್ಯಾದ ಸುಧಾರಿತ ಆವೃತ್ತಿಯೆಂದು ತೋರಬಹುದು. ಆದರೆ ಆ ಹೆಸರಿನ ರಷ್ಯನ್ ರೈಫಲ್ ಇಲ್ಲ. ಚೀನಾದ ಅಧಿಕೃತ ಹೆಸರೂ ಅದಲ್ಲ. ರಷ್ಯನ್ ಅಕ್ಷರಗಳಿಗೆ ಚೀನೀ ವರ್ಷವನ್ನು ಜೋಡಿಸಿ ಉಂಟಾದ ರೂಢಿನಾಮವದು.